ಹಗೇವು ತುಂಬಿದವರ ದಾನ

ನನ್ನ ಓರಗೆಯ ಹುಲ್ಲಹಳ್ಳಿಯವರೆಲ್ಲ ಅಮೆರಿಕವನ್ನು ಭೂಪಟದಲ್ಲಿ ಕಾಣುವ ಮೊದಲೇ ಅದರ ರುಚಿ ನೋಡಿದವರು. ಅರವತ್ತರ ದಶಕ. ಸರ್ಕಾರಿ ಶಾಲೆಯ ಹಿಂದೆ ಮೂರು ಕಲ್ಲು ಹೂಡಿದ ಒಲೆ, ಅದರ ಮೇಲೊಂದು ಮಸಿ ಹಿಡಿದ ಹಂಡೆ, ಹಂಡೆಯಲ್ಲಿ ಕುದಿಯುವ ಗೋಧಿ ನುಚ್ಚಿನ ಉಪ್ಪಿಟ್ಟು. ಬೆಳಗ್ಗೆ ತಂಗಳು ಮುದ್ದೆ, ರಾತ್ರಿ ಬಿಸಿ ಮುದ್ದೆ, ಹಬ್ಬಕ್ಕೆ ಅನ್ನ ಎಂದಿದ್ದ ಮಕ್ಕಳಿಗೆ ಗೋಧಿಯೇ ಹೊಸದು. ಒಗ್ಗರಣೆಯ ಎಣ್ಣೆ ಹುಚ್ಚೆಳ್ಳಿನದೂ ಅಲ್ಲ, ಕಡಲೆಕಾಯಿಯದೂ ಅಲ್ಲ. ಅದು ತಗಡಿನ ಡಬ್ಬದಲ್ಲಿ ಬರುತ್ತಿದ್ದ, ವಾಸನೆಯೇ ಇಲ್ಲದ ಎಣ್ಣೆ. ಹಾಲಿನ ಪುಡಿಯನ್ನು ನೀರಿಗೆ ಕದಡಿ ಕೊಡುತ್ತಿದ್ದರು. ನಮಗೆ ಹಾಲಿಗಿಂತ ಪುಡಿಯನ್ನೇ ಅಂಗೈಗೆ ಹಾಕಿಸಿಕೊಂಡು ನೆಕ್ಕುವ ಆಸೆ. ಅದು ಅಂಗುಳಕ್ಕೆ ಅಂಟಿಕೊಂಡರೆ ಮಧ್ಯಾಹ್ನದ ಮಗ್ಗಿ ಬಾಯಿಂದ ಹೊರಡುತ್ತಿರಲಿಲ್ಲ.

ಚೀಲದ ಮೇಲೆ ನಕ್ಷತ್ರ ಮತ್ತು ಪಟ್ಟಿಗಳ ಗುರುತು, ಎರಡು ಕೈ ಕುಲುಕುವ ಚಿತ್ರ, ಕೆಳಗೆ ಇಂಗ್ಲಿಷ್ ಬರಹ. ಮೇಷ್ಟ್ರು ಓದಿ ಅರ್ಥ ಹೇಳಿದ್ದರು: ಅಮೆರಿಕದ ಜನರ ಕೊಡುಗೆ, ಮಾರುವಂತಿಲ್ಲ, ಬದಲಾಯಿಸಿಕೊಳ್ಳುವಂತಿಲ್ಲ. ತಂದು ಹಂಚುತ್ತಿದ್ದ ಸಂಸ್ಥೆಯ ಹೆಸರು ಕೇರ್. ಹಾಗಾಗಿ ಊರ ಬಾಯಲ್ಲಿ ಅದು ಕೇರ್ ಉಪ್ಪಿಟ್ಟು.

ಅಪ್ಪನಿಗೆ ಹುಲ್ಲಹಳ್ಳಿ ನಾಲೆಯ ಕೆಳಗೆ ಒಂದಿಷ್ಟು ಗದ್ದೆ, ಮೇಲೆ ಒಂದಿಷ್ಟು ಬೆದ್ದಲು. ಯಾರೋ ಅಷ್ಟು ದೂರದಿಂದ ನಮಗೆ ಸುಮ್ಮನೆ ಊಟ ಕಳಿಸುತ್ತಾರಂತೆ ಎಂದು ಹೇಳಿದ್ದಕ್ಕೆ ಅವನು ಅಂದದ್ದು ಇಷ್ಟು: “ಹಗೇವು ತುಂಬಿರೋವ್ನ್ಗ ಕೊಡದೇನ್ ಕಷ್ಟ ಮಗ? ಖಾಲಿ ಆದಾಗ್ಲೂ ಕೊಟ್ಟಾನಾ, ಅದ ನೋಡು.”

ಹಗೇವು ಕಾಣದ ಈಗಿನವರಿಗೆ ಹೇಳಬೇಕು. ರಾಗಿ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಆಳವಾದ ಕಣಜ ಅದು. ಹೊಸ ರಾಗಿ ಕಣಕ್ಕೆ ಬರುವ ಹೊತ್ತಿಗೆ ದೊಡ್ಡ ಒಕ್ಕಲಿನ ಮನೆಯವರು ಹಳೆಯ ಹಗೇವು ತೆಗೆಸಿ ಕೂಲಿಗೆ, ಕಡಕ್ಕೆ, ಧರ್ಮಕ್ಕೆ ಹಂಚುತ್ತಿದ್ದರು. ತೆಗೆದುಕೊಂಡವನ ಹೊಟ್ಟೆ ತುಂಬಿದ್ದು ನಿಜ. ಕೊಟ್ಟವನ ಕಣಜ ತೆರವಾದದ್ದೂ ಸುಗ್ಗಿಗೆ ಆಳು ಗಟ್ಟಿಯಾದದ್ದೂ ಅಷ್ಟೇ ನಿಜ. ಮುಂದೆ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಕೆಲಸ ನನ್ನದಾಯಿತು. ಅಮೆರಿಕದ ವಿದೇಶಾಂಗ ನೀತಿಯ ಹಿಂದಿರುವ ಹಣದ ಲೆಕ್ಕವನ್ನು ಮಕ್ಕಳಿಗೆ ಬಿಡಿಸಿ ಹೇಳಲು ಅಪ್ಪನ ಮಾತಿಗಿಂತ ಚೊಕ್ಕವಾದ ಸೂತ್ರ ನನಗೆ ಸಿಗಲಿಲ್ಲ.

ಹಡಗಿನ ಹೊಟ್ಟೆಗೆ ಗೋಧಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರೈತ ಯೂರೋಪಿನ ಪಾಲನ್ನೂ ಸೇರಿಸಿ ಬೆಳೆದ. ಯುದ್ಧ ಮುಗಿದು ಯೂರೋಪು ತನ್ನ ಹೊಲ ತಾನೇ ಉಳತೊಡಗಿತು. ಅಮೆರಿಕದ ಟ್ರ್ಯಾಕ್ಟರು, ಗೊಬ್ಬರ, ಹೊಸ ತಳಿಗಳು ಮಾತ್ರ ನಿಲ್ಲಲಿಲ್ಲ. ಬೆಲೆ ಬೀಳಬಾರದೆಂದು ಅಲ್ಲಿನ ಸರ್ಕಾರ ಬೆಂಬಲ ಬೆಲೆ ಕೊಟ್ಟು ಕೊಳ್ಳುತ್ತಾ ಹೋಯಿತು. ಕೊಂಡದ್ದನ್ನು ಇಡಲು ಗೋದಾಮು ಸಾಲದಾಯಿತು. 1953ರಲ್ಲಿ ನ್ಯೂಯಾರ್ಕಿನ ಹತ್ತಿರ ಹಡ್ಸನ್ ನದಿಯಲ್ಲಿ ಲಂಗರು ಹಾಕಿ ನಿಲ್ಲಿಸಿದ್ದ ಯುದ್ಧಕಾಲದ ಸರಕು ಹಡಗುಗಳಿಗೂ ಗೋಧಿ ತುಂಬತೊಡಗಿದರು. ಇಟ್ಟುಕೊಂಡರೆ ಬಾಡಿಗೆ ತೆರಬೇಕು. ಸ್ವಂತ ಮಾರುಕಟ್ಟೆಗೆ ಬಿಟ್ಟರೆ ಬೆಲೆ ಕುಸಿದು ರೈತ ತಿರುಗಿ ಬೀಳುತ್ತಾನೆ. ಹಸಿದ ಲೋಕದ ಮುಂದೆ ಸುಡುವಂತೆಯೂ ಇಲ್ಲ.

ಈ ಇಕ್ಕಟ್ಟಿಗೆ ಸಿಕ್ಕ ದಾರಿಯೇ 1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಸಾರ್ವಜನಿಕ ಕಾನೂನು 480. ನಮ್ಮಲ್ಲಿ ಪಿಎಲ್-480 ಎಂದೇ ಅದು ಪ್ರಸಿದ್ಧ. ಹೆಚ್ಚುವರಿ ಧಾನ್ಯ ವಿಲೇವಾರಿ ಮಾಡುವುದು, ಅಮೆರಿಕದ ಬೆಳೆಗೆ ಹೊರಗೆ ಮಾರುಕಟ್ಟೆ ಹಿಗ್ಗಿಸುವುದು, ದೇಶದ ವಿದೇಶಾಂಗ ನೀತಿಗೆ ಅನುಕೂಲ ಮಾಡಿಕೊಡುವುದು ಎಲ್ಲವೂ ಆ ಕಾನೂನಿನಲ್ಲೇ ಬರೆದಿದ್ದ ಉದ್ದೇಶಗಳು. ಅಮೆರಿಕದವರು ಏನನ್ನೋ ಮುಚ್ಚಿಟ್ಟರು ಎಂದು ಹೇಳುವವರು ಇದನ್ನು ಗಮನಿಸಬೇಕು. ‘ಶಾಂತಿಗಾಗಿ ಆಹಾರ’ ಎಂಬ ಮೃದುವಾದ ಹೆಸರು ಚಾಲ್ತಿಗೆ ಬಂದದ್ದು ಕೆನಡಿ 1961ರಲ್ಲಿ ಅದಕ್ಕೆಂದೇ ಕಚೇರಿ ತೆರೆದ ಮೇಲೆ.

ಯಾರ‍್ಯಾರಿಗೆ ಏನೇನು ಸಿಕ್ಕಿತು ನೋಡಿ. ಕಾನ್ಸಾಸ್, ನೆಬ್ರಾಸ್ಕಾದ ರೈತನಿಗೆ ಬೆಲೆ. ಕಾರ್ಗಿಲ್‌ನಂಥ ಧಾನ್ಯ ವ್ಯಾಪಾರದ ಕಂಪನಿಗಳಿಗೆ ಸಾಗಣೆಯ ಗುತ್ತಿಗೆ. ಅದೇ 1954ರಲ್ಲಿ ಬಂದ ಇನ್ನೊಂದು ಕಾನೂನು ಇಂಥ ಸರಕಿನ ಅರ್ಧವಾದರೂ ಅಮೆರಿಕದ ಬಾವುಟವಿರುವ ಹಡಗಿನಲ್ಲೇ ಹೋಗಬೇಕು ಎಂದಿತು. ಹಾಗಾಗಿ ಹಡಗಿನ ಮಾಲೀಕನಿಗೂ ನಾವಿಕನಿಗೂ ದುಡಿಮೆ. ಇವರೆಲ್ಲರ ಓಟು ಬೇಕಾದ ಸಂಸದರು ವರ್ಷ ವರ್ಷವೂ ಕಾನೂನಿನ ಬೆನ್ನಿಗೆ ನಿಂತರು. ಸೆನೆಟರ್ ಹ್ಯೂಬರ್ಟ್ ಹಂಫ್ರಿ 1957ರಲ್ಲಿ ವಿಚಾರಣೆಯೊಂದರಲ್ಲಿ ಇನ್ನೂ ಬಿಚ್ಚಿ ಹೇಳಿದರು: ಬೇರೆ ದೇಶದವರು ಊಟಕ್ಕೆ ನಮ್ಮನ್ನು ಅವಲಂಬಿಸುತ್ತಾರೆ ಎಂದರೆ ತಮಗದು ಒಳ್ಳೆಯ ಸುದ್ದಿ, ಸಹಕಾರ ಬೇಕೆಂದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂಬ ಅರ್ಥದಲ್ಲಿ. ಇದೇ ಹಂಫ್ರಿ ಹಸಿವಿನ ಬಗ್ಗೆ ನಿಜವಾಗಿ ಮರುಗುತ್ತಿದ್ದವರೂ ಹೌದು. ಒಬ್ಬನೇ ಮನುಷ್ಯನಲ್ಲಿ ಎರಡೂ ಇದ್ದವು.

ಆರ್ಥಿಕ ಹಿತದ ಒರಟು ಮುಖವೂ ಆ ದಿನಗಳಲ್ಲೇ ಕಾಣಿಸಿತು. ಇರಾನಿನಲ್ಲಿ ತೈಲ ರಾಷ್ಟ್ರೀಕರಣ ಮಾಡಿದ್ದ ಮೊಸಾದೆಕ್ 1953ರಲ್ಲಿ ಪದಚ್ಯುತರಾದರು. ಆಮೇಲೆ ರಚನೆಯಾದ ತೈಲ ಒಕ್ಕೂಟದಲ್ಲಿ ಅಮೆರಿಕದ ಕಂಪನಿಗಳಿಗೆ ಶೇ. 40 ಪಾಲು ಸಿಕ್ಕಿತು. ಪಿಎಲ್-480ಕ್ಕೆ ಸಹಿ ಬೀಳುವ ಕೆಲವೇ ದಿನ ಮೊದಲು, 1954ರ ಜೂನ್‌ನಲ್ಲಿ, ಗ್ವಾಟೆಮಾಲದ ಅರ್ಬೆಂಜ್ ಸರ್ಕಾರ ಬಿತ್ತು. ಬಾಳೆಹಣ್ಣಿನ ವ್ಯಾಪಾರದ ಯುನೈಟೆಡ್ ಫ್ರೂಟ್ ಕಂಪನಿ ಪಾಳು ಬಿಟ್ಟಿದ್ದ ಭೂಮಿಯನ್ನು ಆ ಸರ್ಕಾರ ರೈತರಿಗೆ ಹಂಚಲು ಹೊರಟಿತ್ತು. ಎರಡು ಕಡೆಯೂ ಅಮೆರಿಕದ ಗುಪ್ತಚರ ಸಂಸ್ಥೆಯ ಕೈ ಇತ್ತು ಎಂಬುದು ಈಗ ದಾಖಲೆ. ನಮ್ಮ ಪಾಲಿಗೆ ಬಂದದ್ದು ಮೃದುವಾದ ಮುಖ.

ರೂಪಾಯಿಯಲ್ಲಿ ಕೊಟ್ಟ ಬೆಲೆ

ಶಾಲೆಗೆ ಬಂದ ಉಪ್ಪಿಟ್ಟು ಪೂರ್ತಿ ದಾನ. ಅದು ಇಡೀ ವ್ಯವಹಾರದಲ್ಲಿ ಸಣ್ಣ ಪಾಲು. ರೇಷನ್ ಅಂಗಡಿಗೆ ಬಂದ ಗೋಧಿ ಮಾರಾಟದ ಸರಕು. 1956ರ ಆಗಸ್ಟ್‌ನಲ್ಲಿ ಭಾರತ ಮೊದಲ ಒಪ್ಪಂದ ಮಾಡಿಕೊಂಡಿತು. 1960ರ ಮೇ 4ರಂದು ಆಹಾರ ಸಚಿವ ಎಸ್.ಕೆ. ಪಾಟೀಲರು ವಾಷಿಂಗ್ಟನ್ನಿನಲ್ಲಿ ಸಹಿ ಹಾಕಿದ ಒಪ್ಪಂದ ಇನ್ನೂ ದೊಡ್ಡದು: ನಾಲ್ಕು ವರ್ಷಗಳಲ್ಲಿ 1.6 ಕೋಟಿ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ.

ನಮಗೆ ಅದರಲ್ಲಿದ್ದ ಆಕರ್ಷಣೆ ಒಂದೇ. ಡಾಲರ್ ಕೊಡಬೇಕಾಗಿರಲಿಲ್ಲ, ರೂಪಾಯಿ ಕೊಟ್ಟರೆ ಸಾಕಿತ್ತು. ನೆಹರೂ ಅವರ ಎರಡನೇ ಪಂಚವಾರ್ಷಿಕ ಯೋಜನೆ ಉಕ್ಕು, ಯಂತ್ರ, ಅಣೆಕಟ್ಟುಗಳಿಗೆ ವಿದೇಶಿ ವಿನಿಮಯವನ್ನೆಲ್ಲ ಸುರಿದಿತ್ತು. ಪಟ್ಟಣದ ಕಾರ್ಮಿಕನಿಗೆ ಅಗ್ಗದ ಧಾನ್ಯ ಸಿಕ್ಕರೆ ಕೂಲಿ ಏರುವುದಿಲ್ಲ, ಕಾರ್ಖಾನೆ ನಡೆಯುತ್ತದೆ. ಅಂದರೆ ಲೆಕ್ಕ ಹಾಕಿದವರು ಅವರೊಬ್ಬರೇ ಅಲ್ಲ, ದೆಹಲಿಯಲ್ಲೂ ಹಾಕಿದ್ದರು.

ಆ ರೂಪಾಯಿಗಳೆಲ್ಲ ಅಮೆರಿಕದ ಹೆಸರಿನಲ್ಲಿ ಭಾರತದಲ್ಲೇ ಗುಡ್ಡೆ ಬಿದ್ದವು. ಹೆಚ್ಚಿನ ಭಾಗ ಭಾರತ ಸರ್ಕಾರಕ್ಕೇ ಸಾಲವಾಗಿ, ಅನುದಾನವಾಗಿ ಹಿಂತಿರುಗಿತು. ಒಂದು ಭಾಗದಲ್ಲಿ ರಾಯಭಾರ ಕಚೇರಿಯ ಖರ್ಚು ನಡೆಯಿತು. ಸಂಸದ ಹೆರಾಲ್ಡ್ ಕೂಲೆ 1957ರಲ್ಲಿ ತಂದ ತಿದ್ದುಪಡಿಯಿಂದಾಗಿ ಆ ಹಣದ ಕಾಲು ಭಾಗದವರೆಗೆ ಇಲ್ಲಿ ಬಂಡವಾಳ ಹೂಡುವ ಅಮೆರಿಕದ ಕಂಪನಿಗಳಿಗೆ ಸಾಲ ಕೊಡಲು ಅವಕಾಶವಾಯಿತು. ಗೋಧಿ ತಿಂದವರು ಕೊಟ್ಟ ರೂಪಾಯಿ ಅಮೆರಿಕದ ಕಾರ್ಖಾನೆಗೆ ಬಂಡವಾಳವಾದ ದಾರಿ ಇದು.

ಕನ್ನಡಕ್ಕೂ ಅದರಲ್ಲೊಂದು ಪಾಲು ಬಂತು ಎಂದರೆ ನನ್ನ ವಿದ್ಯಾರ್ಥಿಗಳು ನಂಬುತ್ತಿರಲಿಲ್ಲ. 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದೇ ರೂಪಾಯಿಯಲ್ಲಿ ಭಾರತೀಯ ಭಾಷೆಗಳ ಪುಸ್ತಕ, ಪತ್ರಿಕೆಗಳನ್ನು ಕೊಂಡು ತನ್ನ ದೇಶದ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ಶೀತಲ ಸಮರದ ಕಾಲದಲ್ಲಿ ಏಷ್ಯಾವನ್ನು ಅರಿಯುವುದೂ ಅವರಿಗೆ ಬೇಕಾದ ಸರಕೇ. ಮೈಸೂರಿನ ಎ.ಕೆ. ರಾಮಾನುಜನ್ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ದಿನಗಳಲ್ಲಿ ನಮ್ಮ ಕಾದಂಬರಿ, ಕವನ ಸಂಕಲನಗಳು ಗೋಧಿಯ ದುಡ್ಡಿನಲ್ಲಿ ಕಡಲು ದಾಟುತ್ತಿದ್ದವು.

ಕೊನೆಗೆ ಆ ರೂಪಾಯಿ ಗುಡ್ಡೆ ಎಷ್ಟು ಬೆಳೆಯಿತೆಂದರೆ ಅದನ್ನು ಖರ್ಚು ಮಾಡಿದರೆ ಇಲ್ಲಿ ಬೆಲೆಯೇರಿಕೆ, ಇಟ್ಟುಕೊಂಡರೆ ಸಂಬಂಧಕ್ಕೆ ಮುಳ್ಳು. 1974ರ ಫೆಬ್ರವರಿಯಲ್ಲಿ ರಾಯಭಾರಿ ಡೇನಿಯಲ್ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಚೆಕ್ ಬರೆದು ಭಾರತಕ್ಕೆ ಹಿಂದಿರುಗಿಸಿದರು. ಅದು ಆಗಿನ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಚೆಕ್ ಎಂದು ಗಿನ್ನೆಸ್ ಪುಸ್ತಕ ಸೇರಿತು.

ತಿಂಗಳ ಲೆಕ್ಕದ ಹಡಗು

ಅಪ್ಪ ಕೇಳಿದ್ದ ‘ಖಾಲಿ ಆದಾಗ್ಲೂ ಕೊಟ್ಟಾನಾ’ ಎಂಬ ಪ್ರಶ್ನೆಗೆ ಉತ್ತರ ಬಂದದ್ದು 1965–66ರಲ್ಲಿ. ಮಳೆ ಕೈಕೊಟ್ಟಿತು. ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ. ಸೋಮವಾರ ರಾತ್ರಿ ಒಲೆ ಹಚ್ಚಬೇಡಿ ಎಂದು ಪ್ರಧಾನಿ ಶಾಸ್ತ್ರಿಯವರು ಕೇಳಿಕೊಂಡರು. ಆ ಹೊತ್ತಿಗೆ ಅಮೆರಿಕದ ದಾಸ್ತಾನು ಮೊದಲಿನಷ್ಟು ಇರಲಿಲ್ಲ. ಅಧ್ಯಕ್ಷ ಲಿಂಡನ್ ಜಾನ್ಸನ್ ಹಲವು ವರ್ಷದ ಒಪ್ಪಂದ ಬಿಟ್ಟು, ಒಂದೆರಡು ತಿಂಗಳಿಗೆ ಬೇಕಾದಷ್ಟೇ ಗೋಧಿಗೆ ಒಪ್ಪಿಗೆ ಕೊಡತೊಡಗಿದರು. ಹಗ್ಗವನ್ನು ಗಿಡ್ಡ ಹಿಡಿದರು. ಭಾರತದಲ್ಲಿ ಎಲ್ಲಿ ಮಳೆ ಬಿತ್ತು, ಎಲ್ಲಿ ಬೀಳಲಿಲ್ಲ ಎಂಬುದನ್ನೂ ತಾವೇ ವಿಚಾರಿಸಿಕೊಳ್ಳುತ್ತಿದ್ದುದಾಗಿ ಅವರು ಮುಂದೆ ಬರೆದುಕೊಂಡರು.

ಹಗ್ಗದ ಆ ತುದಿಯಲ್ಲಿ ಷರತ್ತುಗಳಿದ್ದವು. 1965ರ ನವೆಂಬರಿನಲ್ಲಿ ರೋಮಿನಲ್ಲಿ ನಮ್ಮ ಕೃಷಿ ಸಚಿವ ಸಿ. ಸುಬ್ರಮಣ್ಯಂ ಮತ್ತು ಅಮೆರಿಕದ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್ ಸದ್ದಿಲ್ಲದೆ ಒಂದು ತಿಳಿವಳಿಕೆಗೆ ಬಂದರು. ಕೃಷಿಗೆ ಹೆಚ್ಚು ಹಣ, ಹೊಸ ತಳಿ, ಹೆಚ್ಚು ಗೊಬ್ಬರ. ಮುಂದಿನ ತಿಂಗಳೇ ಗೊಬ್ಬರ ನೀತಿ ಸಡಿಲವಾಯಿತು. ನಿಗದಿತ ಗಡುವಿನೊಳಗೆ ಪರವಾನಗಿ ಪಡೆದ ಖಾಸಗಿ ಕಾರ್ಖಾನೆಗಳು ಏಳು ವರ್ಷ ತಮ್ಮ ಬೆಲೆ ತಾವೇ ಇಟ್ಟು ತಾವೇ ಮಾರಬಹುದು ಎಂದಾಯಿತು. ನಮ್ಮ ಭಾಗದ ರೈತರಿಗೆ ಗ್ರೋಮೋರ್ ಚೀಲದಿಂದ ಪರಿಚಯವಿರುವ ಕೋರಮಂಡಲ್ ಕಂಪನಿ ಹುಟ್ಟಿದ್ದು ಅಮೆರಿಕದ ಎರಡು ಕಂಪನಿಗಳು ಮದರಾಸಿನ ಪ್ಯಾರಿಯವರ ಜೊತೆ ಕೂಡಿದ್ದರಿಂದ. ಅದರ ವಿಶಾಖಪಟ್ಟಣದ ಕಾರ್ಖಾನೆ 1967ರಲ್ಲಿ ಉತ್ಪಾದನೆ ಶುರು ಮಾಡಿತು. 1966ರ ಜೂನ್ 6ರಂದು ರೂಪಾಯಿ ಅಪಮೌಲ್ಯವಾಯಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತು. ವಿಶ್ವಬ್ಯಾಂಕು ಮತ್ತು ಅಮೆರಿಕದ ಒತ್ತಡ ಅದರ ಹಿಂದಿತ್ತು. ಅದಾದ ಮುಂದಿನ ತಿಂಗಳು ಇಂದಿರಾ ಗಾಂಧಿ ಮಾಸ್ಕೋದಲ್ಲಿ ವಿಯೆಟ್ನಾಂ ಬಾಂಬ್ ದಾಳಿಯನ್ನು ಆಕ್ಷೇಪಿಸಿದಾಗ ಜಾನ್ಸನ್ ಕೆರಳಿದರು. ಒಪ್ಪಿಗೆಗಳು ಮತ್ತಷ್ಟು ತಡವಾದವು.

ಇದರ ಜೊತೆಗೇ ಇನ್ನೊಂದು ಸತ್ಯವನ್ನೂ ಹೇಳಬೇಕು. 1966ರಲ್ಲಿ ಭಾರತ ಸುಮಾರು ಒಂದು ಕೋಟಿ ಟನ್ ಧಾನ್ಯ ತರಿಸಿಕೊಂಡಿತು. ಅಮೆರಿಕ ತಾನು ಬೆಳೆದ ಗೋಧಿಯಲ್ಲಿ ಐದನೇ ಒಂದು ಭಾಗದಷ್ಟನ್ನು ನಮಗೆ ಕಳಿಸಿತು. ಆ ಹಡಗುಗಳು ಬರದೇ ಇದ್ದಿದ್ದರೆ ಬಿಹಾರದ ಬರದಲ್ಲಿ ಸಾವು ಎಷ್ಟಾಗುತ್ತಿತ್ತೋ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ರೂಪಿಸಿದ ‘ಬಾಲಾಹಾರ್’ ಆ ಬರಗಾಲದಲ್ಲಿ ಮಕ್ಕಳ ಬಾಯಿಗೆ ಬಿತ್ತು. ಅದರಲ್ಲಿದ್ದದ್ದು ಅಮೆರಿಕದ ಗೋಧಿ ನುಚ್ಚು, ನಮ್ಮ ಕಡಲೆಕಾಯಿ ಹಿಟ್ಟು. ಸ್ವಾರ್ಥವಿತ್ತು ಎಂದ ಮಾತ್ರಕ್ಕೆ ಉಳಿದ ಜೀವ ಸುಳ್ಳಾಗುವುದಿಲ್ಲ. ಜೀವ ಉಳಿಯಿತು ಎಂದು ಷರತ್ತು ಮರೆಯಬೇಕಾದ್ದೂ ಇಲ್ಲ.

ಮುದ್ದೆಯ ಸೀಮೆಗೆ ಏನಾಯಿತು?

ಪಂಜಾಬಿನ ರೈತನಿಗೆ ಅಗ್ಗದ ಗೋಧಿ ಪೆಟ್ಟು ಕೊಟ್ಟಿತೇ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಬೆಲೆ ತಗ್ಗಿ ರೈತನ ಉತ್ಸಾಹ ಕುಗ್ಗುತ್ತದೆ ಎಂದು 1960ರಲ್ಲೇ ಥಿಯೋಡರ್ ಶುಲ್ಟ್ಸ್ ಎಚ್ಚರಿಸಿದ್ದರು. ಬಹುಪಾಲು ಗೋಧಿ ರೇಷನ್ ಅಂಗಡಿಯ ಮೂಲಕ ಹೋದದ್ದರಿಂದ ಪೆಟ್ಟು ಅಷ್ಟೇನೂ ಇರಲಿಲ್ಲ ಎಂಬುದು ಇನ್ನು ಕೆಲವರ ವಾದ. ನಂಜನಗೂಡು, ತಿ. ನರಸೀಪುರದ ಕಡೆ ಗೋಧಿ ಬೆಳೆಯೇ ಅಲ್ಲ. ಇಲ್ಲಿ ಬದಲಾದದ್ದು ಬಾಯಿ. ಸೊಸೈಟಿಯಲ್ಲಿ ಗೋಧಿ ಸಿಕ್ಕಿತು, ಅಂಗಡಿಯಲ್ಲಿ ರವೆ ಬಂತು, ಚಪಾತಿ ನೆಂಟರು ಬಂದಾಗಿನ ತಿಂಡಿಯಾಯಿತು. ರಾಗಿ ಬಡವರ ಊಟ ಎಂದು ಕೈಬಿಟ್ಟವರು ಸಕ್ಕರೆ ಕಾಯಿಲೆ ಬಂದ ಮೇಲೆ ಮತ್ತೆ ಅದರ ಹಿಂದೆ ಬಿದ್ದರು. ಗೋಧಿ ಸಾಲದಾದಾಗ ಬಂದ ಕೆಂಪು ಜೋಳವನ್ನು ಮಾತ್ರ ನಮ್ಮವರು ಒಲ್ಲದ ಮನಸ್ಸಿನಿಂದ ತಿಂದರು. ಕೆಲವರು ದನಕ್ಕೆ ಹಾಕಿದರು.

ರುಚಿ ಬದಲಾಯಿಸುವುದು ಆಕಸ್ಮಿಕವಲ್ಲ. ಯುದ್ಧದಲ್ಲಿ ಸೋತ ಜಪಾನಿನ ಶಾಲೆಗಳಲ್ಲಿ ಅಮೆರಿಕದ ಗೋಧಿಯ ಬ್ರೆಡ್ಡು, ಹಾಲಿನ ಪುಡಿ ಹಂಚಿದರು. ಐವತ್ತರ ದಶಕದಲ್ಲಿ ಅಡುಗೆ ಬಸ್ಸುಗಳು ಊರೂರು ತಿರುಗಿ ಗೋಧಿ ಅಡುಗೆ ಕಲಿಸಿದವು. ಅನ್ನ ಉಣ್ಣುವ ಜಪಾನ್, ದಕ್ಷಿಣ ಕೊರಿಯಾ, ತೈವಾನ್‌ಗಳು ಮುಂದೆ ಕಾಸು ಕೊಟ್ಟು ಅಮೆರಿಕದ ಧಾನ್ಯ ಕೊಳ್ಳುವ ದೊಡ್ಡ ಗಿರಾಕಿಗಳಾದವು. ಹಿಂದೆ ನೆರವು ಪಡೆದವರು ಈಗ ಗ್ರಾಹಕರು ಎಂದು ಅಮೆರಿಕದ ಅಧಿಕಾರಿಗಳೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಭಾರತ ಆ ಪಟ್ಟಿಗೆ ಸೇರಲಿಲ್ಲ. ಅದಕ್ಕೆ ಕಾರಣವೂ ಭಾಗಶಃ ಅಮೆರಿಕದ ನೆರವೇ ಎಂಬುದು ಈ ಕಥೆಯ ತಮಾಷೆ. ಫೋರ್ಡ್ ಪ್ರತಿಷ್ಠಾನದ ಬೆಂಬಲದ ಪ್ಯಾಕೇಜ್ ಕೃಷಿ ಕಾರ್ಯಕ್ರಮಕ್ಕೆ ನಮ್ಮ ರಾಜ್ಯದಿಂದ ಆಯ್ಕೆಯಾದದ್ದು ಪಕ್ಕದ ಮಂಡ್ಯ ಜಿಲ್ಲೆ. ಬೆಂಗಳೂರಿನ ಹೆಬ್ಬಾಳದಲ್ಲಿ 1964ರಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾಲಯಕ್ಕೆ ಟೆನೆಸ್ಸಿ ವಿಶ್ವವಿದ್ಯಾಲಯ ಒತ್ತಾಸೆಯಾಗಿ ನಿಂತಿತು. ಫೋರ್ಡ್, ರಾಕ್‌ಫೆಲ್ಲರ್ ಹಣದಲ್ಲಿ ಫಿಲಿಪೀನ್ಸಿನಲ್ಲಿ ಕಟ್ಟಿದ ಸಂಸ್ಥೆಯಿಂದ 1966ರಲ್ಲಿ ಹೊರಬಂದ ಐಆರ್-8 ಭತ್ತ ಬಹುಬೇಗ ನಮ್ಮ ಬಯಲುಗಳಿಗೂ ಬಂತು. ಜೊತೆಜೊತೆಗೆ ನಮ್ಮವರು ತಮ್ಮ ಕೆಲಸ ತಾವು ಮಾಡಿದರು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನೂ ಇಲ್ಲಿನ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಅದಕ್ಕೆ ಯಾವ ಷರತ್ತೂ ಅಂಟಿಕೊಂಡಿರಲಿಲ್ಲ. 1971ರ ಕೊನೆಗೆ, ಬಾಂಗ್ಲಾ ಯುದ್ಧದ ಬಿಸಿಯಲ್ಲಿ, ರಿಯಾಯಿತಿ ಗೋಧಿಯ ಅಧ್ಯಾಯ ಮುಗಿಯಿತು.

ದಾನದ ಚೀಲಗಳು ನಿಲ್ಲಲಿಲ್ಲ, ಅಂಗನವಾಡಿಗೂ ಬಂದವು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ತಿ. ನರಸೀಪುರವನ್ನು. ರಾಜ್ಯದ ಮೊದಲ ನೂರು ಅಂಗನವಾಡಿಗಳು ಅಲ್ಲಿಯವು. ನನ್ನ ಅತ್ತಿಗೆ ಆ ಕಡೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ನಡೆಸಿದವರು. “ನೋಡಪ್ಪ, ಮಕ್ಕ ಬತ್ತಿದ್ದದ್ದೇ ಆ ಪುಡಿ ಆಸೆಗ. ಆಟ ಪಾಟ ಎಲ್ಲ ಆಮೇಲ” ಎಂದು ಈಗಲೂ ನಗುತ್ತಾರೆ. ಖಾಲಿ ಎಣ್ಣೆ ಡಬ್ಬಕ್ಕೆ ಊರಲ್ಲಿ ಪೈಪೋಟಿ ಇರುತ್ತಿತ್ತಂತೆ, ನೀರು ಹಿಡಿಯಲು.

ಇನ್ನೊಂದು ಉಡುಗೊರೆ ಇಂದಿಗೂ ಬೆದ್ದಲು ಹೊಲದ ಬದುವಿನ ಮೇಲೆ ನಿಂತಿದೆ. ಪಾರ್ಥೇನಿಯಂ ಕಳೆ ಅಮೆರಿಕದ ಗೋಧಿಯ ಜೊತೆ ಬಂತು ಎಂಬುದು ಊರವರ ದೃಢವಾದ ನಂಬಿಕೆ. ಐವತ್ತರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಅದು ಕಣ್ಣಿಗೆ ಬಿದ್ದದ್ದು ಹೌದು. ಆದರೆ ಅದಕ್ಕೂ ಹಿಂದೆಯೇ ದೇಶದೊಳಗೆ ಇದ್ದ ದಾಖಲೆಗಳನ್ನು ಸಸ್ಯಶಾಸ್ತ್ರಜ್ಞರು ತೋರಿಸುತ್ತಾರೆ. ಅದನ್ನು ತಿನ್ನಲೆಂದು ಮೆಕ್ಸಿಕೊದಿಂದ ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕಳೆ ಇನ್ನೂ ಗೆಲ್ಲುತ್ತಲೇ ಇದೆ.

ಕಾಳಿನಿಂದ ಬೀಜಕ್ಕೆ

ಮಾರಲು ಹೊರಟವನಿಗೆ ಕಾಳಿಗಿಂತ ಬೀಜ ಲಾಭ. ಕಾಳು ಬರಗಾಲದಲ್ಲಿ ಬೇಕು, ಬೀಜ ಪ್ರತಿ ಬಿತ್ತನೆಗೂ ಬೇಕು. ತೊಂಬತ್ತರ ದಶಕದ ಆರಂಭದಲ್ಲಿ ಜಾಗತಿಕ ವ್ಯಾಪಾರದ ಡಂಕೆಲ್ ಕರಡು ಬಂದಾಗ ಬೀಜದ ಮೇಲಿನ ಹಕ್ಕು, ಪೇಟೆಂಟ್‌ಗಳ ವಿಚಾರದಲ್ಲಿ ಮುಂದೆ ನಿಂತು ಒತ್ತಾಯಿಸಿದ್ದು ಅಮೆರಿಕ. ಇದನ್ನು ಕರ್ನಾಟಕದ ಹಳ್ಳಿಗಳಿಗೆ ಬಿಡಿಸಿ ಹೇಳಿದವರು ರೈತ ಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿ. 1992ರ ಡಿಸೆಂಬರಿನಲ್ಲಿ ಹಸಿರು ಶಾಲಿನವರು ಬೆಂಗಳೂರಿನ ಕಾರ್ಗಿಲ್ ಬೀಜ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಅದರ ಘಟಕ ಕೆಡವಿದರು. ಪಿಎಲ್-480 ಧಾನ್ಯ ಸಾಗಿಸಿ ಬೆಳೆದ ಕಂಪನಿಗಳಲ್ಲಿ ಕಾರ್ಗಿಲ್ ಕೂಡ ಒಂದು ಎಂಬುದು ಆ ದಿನ ಘೋಷಣೆ ಕೂಗಿದ ಎಷ್ಟು ಜನರಿಗೆ ತಿಳಿದಿತ್ತೋ. ಕೆಡವುವ ದಾರಿಯನ್ನು ನಾನು ಒಪ್ಪುವವನಲ್ಲ. ಆದರೆ ವಿದೇಶಾಂಗ ನೀತಿ ಎಂಬುದು ಗದ್ದೆಯ ಬದುವಿಗೆ ಬಂದು ನಿಲ್ಲುತ್ತದೆ ಎಂದು ನಮ್ಮ ಭಾಗದ ರೈತರಿಗೆ ಮೊದಲು ಅರ್ಥ ಮಾಡಿಸಿದ್ದು ಆ ಚಳವಳಿ.

ಅದೇ ಪಟ್ಟು, ಹೊಸ ಪಟ್ಟಿ

2025ರಲ್ಲಿ ಅಮೆರಿಕ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿತು. ಒಂದು, ತನ್ನ ನೆರವಿನ ಸಂಸ್ಥೆಯಾದ ಯುಎಸ್‌ಏಡ್‌ಗೆ ಜುಲೈ 1ರಂದು ಬೀಗ ಹಾಕಿತು. ಆಗ ಅಲ್ಲಿ ಆಹಾರ ನೆರವಿನ ಪರವಾಗಿ ದನಿ ಎತ್ತಿದವರಲ್ಲಿ ಕಾನ್ಸಾಸಿನ ಸಂಸದರು ಮುಂದಿದ್ದರು. ಕಾರ್ಯಕ್ರಮವನ್ನು ಕೃಷಿ ಇಲಾಖೆಗೆ ಒಪ್ಪಿಸಿ ಉಳಿಸಿ ಎಂದು ಅವರು ಮಸೂದೆಯನ್ನೇ ತಂದರು. ನೆರವು ಬೇಕಿದ್ದದ್ದು ಹಸಿದವರಿಗೆ ಹೇಗೋ, ಗೋಧಿ ಬೆಳೆದವರಿಗೂ ಹಾಗೆಯೇ. ಎರಡು, ಭಾರತದ ಸರಕಿನ ಮೇಲೆ ಆಗಸ್ಟ್ 7ರಿಂದ ಶೇ. 25, ರಷ್ಯಾದ ತೈಲ ಕೊಳ್ಳುವ ಕಾರಣಕ್ಕೆ ಆಗಸ್ಟ್ 27ರಿಂದ ಮತ್ತೆ ಶೇ. 25 ಸುಂಕ ಹೇರಿತು. ಬೆಂಗಳೂರು, ತಿರುಪ್ಪೂರಿನ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಹಾಕುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದರ ಬಿಸಿ ತಟ್ಟಿತು. ಅದೇ ತಿಂಗಳು ನಮ್ಮ ಸರ್ಕಾರ ಹತ್ತಿಯ ಮೇಲಿದ್ದ ಶೇ. 11 ಆಮದು ಸುಂಕವನ್ನು ಮೊದಲು ಸೆಪ್ಟೆಂಬರಿನವರೆಗೆ, ಆಮೇಲೆ ವರ್ಷಾಂತ್ಯದವರೆಗೆ ತೆಗೆದುಹಾಕಿತು. ಗಿರಣಿಗೆ ಅನುಕೂಲ, ಎಚ್.ಡಿ. ಕೋಟೆ ಕಡೆಯ ಹತ್ತಿ ಬೆಳೆಗಾರನಿಗೆ ಅಳುಕು.

ಅಮೆರಿಕದಲ್ಲಿ ಯಾವ ಕಣಜ ತುಂಬಿತ್ತು ಎಂದು ನೋಡಿದರೆ ಉಳಿದದ್ದು ತಾನೇ ತಿಳಿಯುತ್ತದೆ. ಸುಂಕದ ಜಗಳದಲ್ಲಿ ಚೀನಾ ಅಮೆರಿಕದ ಸೋಯಾ ಕೊಳ್ಳುವುದನ್ನು ನಿಲ್ಲಿಸಿತ್ತು, ಮೆಕ್ಕೆಜೋಳದ ಬೆಳೆ ಭರ್ಜರಿಯಾಗಿತ್ತು. ನೂರ ನಲವತ್ತು ಕೋಟಿ ಜನರಿದ್ದೂ ಭಾರತ ನಮ್ಮ ಮೆಕ್ಕೆಜೋಳವನ್ನು ಏಕೆ ಕೊಳ್ಳುವುದಿಲ್ಲ ಎಂದು ಅವರ ವಾಣಿಜ್ಯ ಕಾರ್ಯದರ್ಶಿ ಹೋವರ್ಡ್ ಲಟ್ನಿಕ್ ಸೆಪ್ಟೆಂಬರಿನಲ್ಲಿ ಬಹಿರಂಗವಾಗಿಯೇ ಕೇಳಿದರು. ಅವರ ಮೆಕ್ಕೆಜೋಳ ಬಹುಪಾಲು ಕುಲಾಂತರಿ, ನಾವು ಅದಕ್ಕೆ ಅನುಮತಿ ಕೊಟ್ಟಿಲ್ಲ ಎಂಬುದು ಭಾರತದ ಉತ್ತರ. 2026ರ ಫೆಬ್ರವರಿಯಲ್ಲಿ ಎರಡೂ ದೇಶಗಳು ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ಭಾರತ ಸುಂಕ ಇಳಿಸಲು ಒಪ್ಪಿದ ಕೃಷಿ ಸರಕುಗಳ ಹೆಸರುಗಳಿದ್ದವು. ಅವುಗಳಲ್ಲಿ ಸೋಯಾ ಎಣ್ಣೆ ಇದೆ, ದನಕರು ಕೋಳಿಗಳ ಮೇವಿಗೆಂದು ಕೆಂಪು ಜೋಳವೂ ಇದೆ. ಅರವತ್ತು ವರ್ಷದ ಹಿಂದೆ ದಾನವಾಗಿ, ರಿಯಾಯಿತಿಯಾಗಿ ಬಂದವೇ ಈಗ ಸರಕಾಗಿ ಬಾಗಿಲು ತಟ್ಟುತ್ತಿವೆ.

ಇದನ್ನೆಲ್ಲ ಅಮೆರಿಕದ ದುಷ್ಟತನ ಎಂದು ನಾನು ಪಾಠ ಮಾಡಿದವನಲ್ಲ. ತನ್ನ ರೈತನ ಓಟಿಗೆ ಹೆದರದ ಸರ್ಕಾರ ಎಲ್ಲೂ ಇಲ್ಲ. 2023ರ ಜುಲೈನಲ್ಲಿ ಭಾರತವೂ ಒಳನಾಡಿನ ಬೆಲೆಗೆ ಹೆದರಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ನಮ್ಮ ಅಕ್ಕಿಯನ್ನೇ ನಂಬಿದ್ದ ಆಫ್ರಿಕಾದ ದೇಶಗಳು ತತ್ತರಿಸಿದವು. ಯಾವ ದೇಶದ ನೆರವು ಬಂದರೂ ಕೇಳಬೇಕಾದ ಪ್ರಶ್ನೆಗಳು ಅವೇ. ಯಾರ ಬಳಿ ಏನು ಮಿಕ್ಕಿದೆ? ಯಾರ ಹಡಗಿನಲ್ಲಿ ಬರುತ್ತದೆ? ಬೆಲೆ ಯಾವ ನಾಣ್ಯದಲ್ಲಿ? ಬೇಡ ಎಂದರೆ ನಮಗೇನಾಗುತ್ತದೆ?

ಕೊನೆಯ ಪ್ರಶ್ನೆಯೇ ಮುಖ್ಯ. 1966ರಲ್ಲಿ ಗೋಧಿ ಬೇಡ ಎನ್ನುವ ಸ್ಥಿತಿಯಲ್ಲಿ ಭಾರತ ಇರಲಿಲ್ಲ. 2025ರಲ್ಲಿ ಮೆಕ್ಕೆಜೋಳ ಬೇಡ ಎನ್ನಲು ಸಾಧ್ಯವಾದದ್ದು ಮಾತಿನ ಧೈರ್ಯದಿಂದಲ್ಲ, ಇಲ್ಲಿ ಬೆಳೆ ಇದ್ದದ್ದರಿಂದ. ಆದರೆ ಅದೇ ನವೆಂಬರಿನಲ್ಲಿ ಕರ್ನಾಟಕದ ರೈತ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಇದ್ದ ಮೆಕ್ಕೆಜೋಳವನ್ನು ಅದಕ್ಕಿಂತ ಎಷ್ಟೋ ಕಡಿಮೆಗೆ ಮಂಡಿಯಲ್ಲಿ ಸುರಿದು ಬೀದಿಗಿಳಿದಿದ್ದ. ಖರೀದಿ ಕೇಂದ್ರ ಯಾರು ತೆರೆಯಬೇಕೆಂದು ರಾಜ್ಯವೂ ಕೇಂದ್ರವೂ ಪತ್ರ ಬರೆದುಕೊಳ್ಳುತ್ತಿದ್ದವು. ಈ ರೈತ ಬೇಸತ್ತು ಎರಡು ಹಂಗಾಮು ಬಿತ್ತನೆ ಕೈಬಿಟ್ಟರೆ ಸಾಕು, ಆಮದು ಬೇಡ ಎನ್ನಲು ದೆಹಲಿಯ ಬಳಿ ಕಾರಣ ಉಳಿಯುವುದಿಲ್ಲ. ಅಯೋವಾದ ರೈತನಿಗೆ ಗಿರಾಕಿ ಹುಡುಕಿಕೊಡುವ ಕೆಲಸವನ್ನು ಅವನ ಸರ್ಕಾರ ಮಾಡುತ್ತದೆ. ನಮ್ಮ ಮಂಡಿಗಳಲ್ಲಿ ಸರಿಯಾದ ಬೆಲೆ ಸಿಗದಿದ್ದರೆ ಆ ಕೆಲಸದ ಅರ್ಧವನ್ನು ನಾವೇ ಮಾಡಿಕೊಟ್ಟಂತೆ.